ಕಷ್ಟದ ಲೆಕ್ಕ ಬಂದ ಕೂಡಲೇ ಮಗು ಎದ್ದು ಹೋಗುತ್ತಾ? ಹೀಗೆ ಮಾಡಿ ನೋಡಿ

ನಾನು ಸಂಜೆ ಹೊತ್ತು ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪಾಠ ಮುಗಿದ ಮೇಲೆ ಕರೆದುಕೊಂಡು ಹೋಗಲು ಬರುವ ಅಪ್ಪ-ಅಮ್ಮಂದಿರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ತಲೆ ಇದೆ ಮೇಡಂ, ಆದ್ರೆ ಸ್ವಲ್ಪ ಕಷ್ಟ ಅಂದ್ರೆ ಸಾಕು, ಬಿಟ್ಟು ಎದ್ಬಿಡ್ತಾನೆ. ಏನು ಮಾಡೋದು?" ಬಾಗಿಲಲ್ಲಿ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ. 3ನೇ ಕ್ಲಾಸಿನಿಂದ 8ನೇ ಕ್ಲಾಸಿನವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲೇ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಸುಲಭದ ದಾರಿಯನ್ನು ಮಕ್ಕಳಿಗೆ ತೋರಿಸಿಕೊಟ್ಟವರು ಹೆಚ್ಚಾಗಿ ನಾವೇ. ಮಗು ಶೂ ಲೇಸ್ ಜೊತೆ ಒದ್ದಾಡುತ್ತಿರುತ್ತದೆ, ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತದೆ, ನಾವು ಬಗ್ಗಿ ಕಟ್ಟಿಬಿಡುತ್ತೇವೆ. ಸ್ಕೂಲ್ ಪ್ರಾಜೆಕ್ಟಿನ ಥರ್ಮೋಕೋಲ್ ಜ್ವಾಲಾಮುಖಿಗೆ ರಾತ್ರಿ ಹನ್ನೊಂದಕ್ಕೆ ಬಣ್ಣ ಬಳಿಯುವವರು ಯಾರು ಅಂತ ನಿಮಗೂ ಗೊತ್ತು, ಮಿಸ್ಸಿಗೂ ಗೊತ್ತು. ಎರಡು ನಿಮಿಷ ಒದ್ದಾಡಿದರೆ ಯಾರಾದರೂ ಬಂದೇ ಬರುತ್ತಾರೆ ಅಂತ ಮಗು ಕಲಿತುಬಿಟ್ಟಿದೆ. ಅದನ್ನು ಮರೆಸಬೇಕು. ಅದಕ್ಕೆ ಎರಡು-ಮೂರು ತಿಂಗಳಾದರೂ ಬೇಕು.

ಏನೇನು ಬೇಕು

ಒಂದು ರಫ್ ಬುಕ್, ಒಂದು ಪೆನ್ಸಿಲ್, ಅಡುಗೆಮನೆಯ ಟೈಮರ್ ಅಥವಾ ಗೋಡೆ ಗಡಿಯಾರ. ದಿನಕ್ಕೆ 20 ನಿಮಿಷ. ಜೊತೆಗೆ, ಬಾಯಿ ಕಟ್ಟಿಕೊಂಡು ಕೂರಬಲ್ಲ ಒಬ್ಬ ದೊಡ್ಡವರು. ಈ ಕೊನೆಯದನ್ನು ಹೊಂದಿಸುವುದೇ ಕಷ್ಟ.

ಹಂತ 1: ಒಂದು ವಾರ ಸುಮ್ನೆ ನೋಡಿ

ಏನೂ ಬದಲಾಯಿಸಬೇಡಿ, ಬುದ್ಧಿ ಹೇಳಬೇಡಿ. ಮಗು ಎಲ್ಲಿ ತಪ್ಪಿಸಿಕೊಳ್ಳುತ್ತದೆ, ಹೇಗೆ ತಪ್ಪಿಸಿಕೊಳ್ಳುತ್ತದೆ ಅಂತ ಮಾತ್ರ ಬರೆದಿಟ್ಟುಕೊಳ್ಳಿ. ಒಬ್ಬೊಬ್ಬರದೂ ಒಂದೊಂದು ವರಸೆ. ಪ್ರಶ್ನೆ ಪೂರ್ತಿ ಓದುವ ಮೊದಲೇ "ಗೊತ್ತಿಲ್ಲ" ಅನ್ನುವವರು. ಭಾಗಾಕಾರ ಬಂದಾಗಲೇ ಬಾಯಾರಿಕೆ ಆಗುವವರು. "ಇದನ್ನ ಮಿಸ್ ಹೇಳ್ಕೊಟ್ಟೇ ಇಲ್ಲ" ಅನ್ನುವವರು. ಸದ್ದಿಲ್ಲದೆ ಗೈಡ್ ತೆಗೆದು ಉತ್ತರ ಇಳಿಸುವವರು. ಸೀದಾ ನಿಮ್ಮ ಮುಖ ನೋಡುತ್ತಾ "ಕೂಡಬೇಕಾ? ಕಳೀಬೇಕಾ? ಗುಣಿಸ್ಬೇಕಾ?" ಅಂತ ಒಂದೊಂದೇ ಕೇಳಿ, ನಿಮ್ಮ ಹುಬ್ಬು ಏರಿದ ಕಡೆ ನಿಲ್ಲಿಸುವವರೂ ಇದ್ದಾರೆ. ಇವರು ಲೆಕ್ಕ ಮಾಡುತ್ತಿಲ್ಲ, ನಿಮ್ಮ ಮುಖ ಓದುತ್ತಿದ್ದಾರೆ. ನಿಜ ಹೇಳಬೇಕೆಂದರೆ ಅದೂ ಸಣ್ಣ ವಿದ್ಯೆಯಲ್ಲ!

ಎಚ್ಚರ: ಎಲ್ಲವನ್ನೂ ಸೋಮಾರಿತನ ಅಂದುಕೊಳ್ಳಬೇಡಿ. ಬೋರ್ಡು ಸರಿಯಾಗಿ ಕಾಣದ ಮಗು, ರಾತ್ರಿ ನಿದ್ದೆಗೆಟ್ಟ ಮಗು, ಹಸಿದ ಮಗು ಕೂಡ ಎದ್ದು ಹೋಗುತ್ತದೆ. ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವ ಮಗು ಓದಲು, ಬರೆಯಲು ಮಾತ್ರ ವಿಪರೀತ ಕಷ್ಟಪಡುತ್ತಿದ್ದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಅಂದರೆ ಬುದ್ಧಿ ಸರಿಯಾಗಿಯೇ ಇದ್ದೂ ಅಕ್ಷರಗಳನ್ನು ಓದಿ ಗ್ರಹಿಸುವುದರಲ್ಲಿ ಬರುವ ತೊಡಕು. ಹಾಗೆ ಅನ್ನಿಸಿದರೆ ಮೊದಲು ಕಣ್ಣು ತೋರಿಸಿ, ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ. ಅಂಥ ಮಗುವಿಗೆ ಈ ಕೆಳಗಿನ ಹಂತಗಳಷ್ಟೇ ಸಾಲುವುದಿಲ್ಲ.

ಹಂತ 2: ಕಷ್ಟದ ಅಳತೆ ಹಿಡಿಯಿರಿ

ಹಳೇ ಅಟ್ಲಾಸ್ ಸೈಕಲ್ಲಿನಲ್ಲಿ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲು ಎಟುಕುತ್ತಿರಲಿಲ್ಲ. ಮೊದಲು ಒಂದು ಪೆಡಲ್ ಮೇಲೆ ಕಾಲಿಟ್ಟು ತಳ್ಳಿಕೊಂಡು ಹೋಗುವುದು. ಆಮೇಲೆ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್. ಅದಾದ ಮೇಲೆ ಬಾರ್ ಮೇಲೆ, ಕೊನೆಗೆ ಸೀಟು. ಮೊದಲನೇ ದಿನವೇ ಸೀಟಿನ ಮೇಲೆ ಯಾರೂ ಕೂರಿಸಲಿಲ್ಲ. ಹಾಗಂತ ಒಳಪೆಡಲ್‌ನಲ್ಲೇ ಎರಡು ವರ್ಷ ಕಳೆಯಲೂ ಇಲ್ಲ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ (1896–1934) ಹೇಳಿದ್ದೂ ಇದೇ ತರಹದ್ದು. ಮಗು ಒಬ್ಬನೇ ಮಾಡಬಲ್ಲದ್ದು ಒಂದು ಗೆರೆ. ಪಕ್ಕದಲ್ಲಿ ಬಲ್ಲವರೊಬ್ಬರು ಇದ್ದರೆ ಮಾಡಬಲ್ಲದ್ದು ಅದಕ್ಕಿಂತ ಮುಂದಿನ ಗೆರೆ. ಎರಡು ಗೆರೆಯ ನಡುವಿನ ಜಾಗದಲ್ಲಿ ಕಲಿಕೆ ನಡೆಯುತ್ತದೆ.

ಆ ಜಾಗ ಹುಡುಕಲು ನಾನು ಬಳಸುವ ಮನೆ ಲೆಕ್ಕ ಇದು. ಒಂದೇ ಬಗೆಯ 10 ಲೆಕ್ಕ ಕೊಡಿ. ಹತ್ತಕ್ಕೆ ಹತ್ತೂ ಸರಿಯಾದರೆ ಅದು ತೀರಾ ಸುಲಭವಾಯಿತು, ಮುಂದಕ್ಕೆ ಹೋಗಿ. 3 ಅಥವಾ 4 ಮಾತ್ರ ಸರಿಯಾದರೆ ಒಂದು ಮೆಟ್ಟಿಲು ಇಳಿಯಿರಿ. 6ರಿಂದ 8 ಸರಿಯಾಗಿ, ಉಳಿದದ್ದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದರೆ ಅಲ್ಲೇ ನಿಲ್ಲಿ. ಇದು ಅಂದಾಜು ಅಷ್ಟೇ, ಶಾಸ್ತ್ರವಲ್ಲ.

ಇಲ್ಲಿ ಎಡವುವವರೇ ಜಾಸ್ತಿ. ಪಕ್ಕದ ಮನೆ ಹುಡುಗಿ ನವೋದಯ ಪರೀಕ್ಷೆಗೆ ಓದುತ್ತಿದ್ದಾಳೆ ಅಂತ ನಮ್ಮ ಮಗುವಿನ ಕೈಗೂ ಅದೇ ಪುಸ್ತಕ ಕೊಡುವುದು. 7ರ ಮಗ್ಗಿಯಲ್ಲೇ ತಡವರಿಸುವ ಮಗುವಿನ ಮುಂದೆ ಮೂರಂಕಿಯ ಭಾಗಾಕಾರ ಇಟ್ಟರೆ ಅದು ಓಡದೆ ಇನ್ನೇನು ಮಾಡಬೇಕು?

ಹಂತ 3: ಮಾರ್ಕ್ಸ್ ಇಲ್ಲದ ಕಡೆ ಶುರು ಮಾಡಿ

ಪಠ್ಯಪುಸ್ತಕದಿಂದಲೇ ಶುರು ಮಾಡಿದರೆ ಮಗು ಮೊದಲೇ ಹೆದರಿರುತ್ತದೆ. ಮೊದಲ ಎರಡು ವಾರ ಬೇರೆ ಏನಾದರೂ ಇರಲಿ. ಬುಗುರಿಗೆ ಚಾಟಿ ಸುತ್ತಿ ಬಿಡುವುದು, ಕಾವಲಿ ಮೇಲೆ ದೋಸೆ ಹುಯ್ಯುವುದು. ಮೊದಲ ದೋಸೆ ಕಿತ್ತು ಬರುತ್ತದೆ, ಎರಡನೆಯದು ಭೂಪಟದ ಹಾಗೆ ಆಗುತ್ತದೆ. ಆದರೆ ಯಾರೂ ಅದಕ್ಕೆ ಕೆಂಪು ಶಾಯಿಯಲ್ಲಿ ಗುಂಡು ಸುತ್ತುವುದಿಲ್ಲ. ಏನಾಯ್ತು? ಕಾವಲಿ ಕಾದಿರಲಿಲ್ಲವಾ, ಹಿಟ್ಟು ನೀರಾಗಿತ್ತಾ? ಇನ್ನೊಂದು ಹುಯ್ಯಿ. ತಪ್ಪಿದ್ದನ್ನು ನೋಡಿ ತಿದ್ದುವ ಅಭ್ಯಾಸ ಅಡುಗೆಮನೆಯಲ್ಲಿ ಸಿಕ್ಕಷ್ಟು ಸಲೀಸಾಗಿ ಪುಸ್ತಕದ ಮುಂದೆ ಸಿಗುವುದಿಲ್ಲ.

ಕಳೆಯುವ ಲೆಕ್ಕ ಅಂದರೆ ಮುಖ ಸಿಂಡರಿಸುವ ಮಕ್ಕಳಿಗೆ ನಾನು ಕೊಡುವ ಆಟ ಒಂದಿದೆ. ಯಾವುದಾದರೂ ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಲಿ, 3524 ಅನ್ನಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432. ಚಿಕ್ಕದರಿಂದ ದೊಡ್ಡದಕ್ಕೆ 2345. ಕಳೆದರೆ 3087. ಮತ್ತೆ ಹಾಗೇ, 8730ರಲ್ಲಿ 0378 ಕಳೆದರೆ 8352. ಮತ್ತೆ, 8532ರಲ್ಲಿ 2358 ಕಳೆದರೆ 6174. ಇನ್ನೂ ಮುಂದೆ ಹೋಗಿ ನೋಡಿ, 7641ರಲ್ಲಿ 1467 ಕಳೆದರೆ ಮತ್ತೆ 6174! ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ 7 ಸಲದಲ್ಲಿ ಅಲ್ಲಿಗೇ ಬಂದು ಸೇರುತ್ತದೆ. ಇದನ್ನು ಕಂಡುಹಿಡಿದವರು ಮಹಾರಾಷ್ಟ್ರದ ದೇವಳಾಲಿಯ ಒಬ್ಬ ಸ್ಕೂಲ್ ಮೇಷ್ಟ್ರು, ಡಿ.ಆರ್. ಕಾಪ್ರೇಕರ್.

"ಬರಲ್ಲ ಅಂತ ಸಾಧಿಸಿ ತೋರಿಸು ನೋಡೋಣ" ಅಂತ ಹೇಳಿ ಸುಮ್ಮನಾಗಿ. ಆ ಸಂಖ್ಯೆಯನ್ನು ಸೋಲಿಸುವ ಹಟದಲ್ಲಿ ಮಗು ಒಂದೇ ಕೂತಿಗೆ ಹತ್ತು-ಹದಿನೈದು ಸಲ ದಶಕ ತೆಗೆದುಕೊಂಡು ಕಳೆದಿರುತ್ತದೆ. ಎರಡು ವಿಷಯ ನೆನಪಿರಲಿ. ನಾಲ್ಕೂ ಅಂಕಿ ಒಂದೇ ಆಗಿರುವ 5555ರಂಥದ್ದು ನಡೆಯುವುದಿಲ್ಲ. ಮಧ್ಯೆ 999 ಬಂದರೆ ಅದನ್ನು 0999 ಅಂತಲೇ ಬರೆಯಬೇಕು. ಏಳು ಸಲ ಆದರೂ 6174 ಬಂದಿಲ್ಲ ಅಂದರೆ ಎಲ್ಲೋ ಕಳೆಯುವುದರಲ್ಲಿ ತಪ್ಪಿದೆ. ಅದನ್ನು ಹುಡುಕುವವನೂ ಮಗುವೇ. ನೀವು ತಪ್ಪು ತೋರಿಸುವ ಅಗತ್ಯವೇ ಬರುವುದಿಲ್ಲ, ಅದೇ ಈ ಆಟದ ಚೆಂದ.

ಹಂತ 4: ಸಹಾಯ ಮಾಡಿ, ಒಂದೊಂದೇ ಮೆಟ್ಟಿಲು

ಈಗ ಪಠ್ಯಪುಸ್ತಕಕ್ಕೆ ಬನ್ನಿ. ಲೆಕ್ಕ ಓದಿದ ಮೇಲೆ ಟೈಮರ್‌ನಲ್ಲಿ 5 ನಿಮಿಷ ಇಡಿ. ಅಷ್ಟು ಹೊತ್ತು ಯಾವ ಸಹಾಯವೂ ಇಲ್ಲ ಅಂತ ಮೊದಲೇ ಹೇಳಿರಿ. ಚಿಕ್ಕ ಮಕ್ಕಳಾದರೆ 2 ನಿಮಿಷ ಸಾಕು. ಆಮೇಲೂ ಆಗದಿದ್ದರೆ ಈ ಕ್ರಮದಲ್ಲಿ ಇಳಿಯಿರಿ.

ಮೊದಲು, "ಏನು ಕೇಳಿದ್ದಾರೆ, ನಿನ್ನ ಮಾತಲ್ಲಿ ಹೇಳು."
ಆಗಲಿಲ್ಲವಾ, "ಚಿತ್ರ ಬರಿ."
ಆಗಲೂ ಇಲ್ಲ, "ದೊಡ್ಡ ಸಂಖ್ಯೆ ತೆಗೆದು 2, 3 ಹಾಕಿ ನೋಡು."
ಅದೂ ಆಗದಿದ್ದರೆ ಮೊದಲ ಒಂದು ಸಾಲು ಮಾತ್ರ ನೀವು ಬರೆಯಿರಿ.
ಕೊನೆಗೆ, ಅದೇ ತರಹದ ಇನ್ನೊಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿ, ಆ ಹಾಳೆ ಮುಚ್ಚಿಟ್ಟು, ಮೂಲ ಲೆಕ್ಕವನ್ನು ಮಗುವಿಗೇ ಬಿಡಿ.

ಇದಕ್ಕೆ ಶಿಕ್ಷಣದವರು ಸ್ಕ್ಯಾಫೋಲ್ಡಿಂಗ್ ಅನ್ನುತ್ತಾರೆ. ಮನೆ ಕಟ್ಟುವಾಗ ಗಾರೆಯವರು ಕಟ್ಟಿಕೊಳ್ಳುವ ಸಾರುವೆ ಇದೆಯಲ್ಲ, ಅದೇ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು, ಪುಟ್ಟ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ದೊಡ್ಡವರು ಹೇಗೆ ನೆರವಾಗುತ್ತಾರೆ ಎಂದು ನೋಡಿ ಈ ಹೆಸರು ಬಳಸಿದರು. ಗಾರೆ ಒಣಗಿದ ಮೇಲೆ ಸಾರುವೆ ಬಿಚ್ಚಲೇಬೇಕು. ಗೃಹಪ್ರವೇಶಕ್ಕೂ ಅದನ್ನು ಹಾಗೇ ಬಿಟ್ಟಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. 8ನೇ ಕ್ಲಾಸಿನ ಹುಡುಗನ ಪಕ್ಕ ದಿನಾ ಕೂತು ಹೋಂವರ್ಕ್ ಮಾಡಿಸುವ ಅಮ್ಮಂದಿರಿಗೆ ಈ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ಭಿನ್ನರಾಶಿಯಲ್ಲಿ 1/2 + 1/3 ಕೊಟ್ಟರೆ ಎಷ್ಟೋ ಮಕ್ಕಳು 2/5 ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಡುತ್ತಾರೆ. "ಅಯ್ಯೋ, ಲ.ಸಾ.ಅ. ತಗೋಬೇಕು ಅಂತ ಎಷ್ಟು ಸಲ ಹೇಳಿದೀನಿ!" ಅನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ತಡೆಯಿರಿ. ಹೀಗೆ ಕೇಳಿ:

"ಅರ್ಧ ಹೋಳಿಗೆ ತಿಂದೆ. ಸಾಲಲಿಲ್ಲ, ಇನ್ನೂ ಮೂರನೇ ಒಂದು ಭಾಗ ಹಾಕಿಸ್ಕೊಂಡೆ. ಎಲ್ಲಾ ಸೇರಿ ಅರ್ಧಕ್ಕಿಂತ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

"ಜಾಸ್ತಿನೇ."

"ನಿನ್ನ ಉತ್ತರ 2/5. ಒಂದು ಹೋಳಿಗೆನ ಐದು ತುಂಡು ಮಾಡಿ ಎರಡು ತಗೊಂಡ್ರೆ?"

ಇಲ್ಲಿ ಸುಮ್ಮನಾಗಿ. ಗುಂಡಗೆ ಒಂದು ಹೋಳಿಗೆ ಬರೆಯುತ್ತಾನೆ, ಐದು ಭಾಗ ಮಾಡಲು ಹೋಗಿ ಸೊಟ್ಟಪಟ್ಟ ಗೆರೆ ಎಳೆಯುತ್ತಾನೆ, ಎರಡಕ್ಕೆ ಬಣ್ಣ ತುಂಬುತ್ತಾನೆ. ಪೆನ್ಸಿಲ್ ನಿಲ್ಲುತ್ತದೆ. "ಅರ್ಧಾನೂ ಇಲ್ಲ ಇದು!" ಇನ್ನಷ್ಟು ಹಾಕಿಸಿಕೊಂಡ ಮೇಲೆ ಹೋಳಿಗೆ ಕಮ್ಮಿಯಾಗಿದೆ. ಎಲ್ಲೋ ಎಡವಟ್ಟಾಗಿದೆ ಅಂತ ಈಗ ನೀವು ಹೇಳಲಿಲ್ಲ, ಅವನಿಗೇ ಕಂಡಿತು. ಇನ್ನು ಮುಂದೆ ಹೋಳಿಗೆಯನ್ನು ಆರು ತುಂಡು ಮಾಡಿದರೆ ಅರ್ಧವೂ ಸರಿಯಾಗಿ ಬರುತ್ತದೆ, ಮೂರನೇ ಒಂದೂ ಬರುತ್ತದೆ, 3 ತುಂಡು ಮತ್ತು 2 ತುಂಡು ಸೇರಿ 5/6. ಅಲ್ಲಿಗೆ ತಲುಪಲು ಆ ದಿನವೇ ಆಗದಿದ್ದರೂ ಪರವಾಗಿಲ್ಲ. ಲ.ಸಾ.ಅ., ಅಂದರೆ ಎರಡೂ ಸಂಖ್ಯೆಯ ಮಗ್ಗಿಯಲ್ಲಿ ಬರುವ ಅತಿ ಚಿಕ್ಕ ಸಂಖ್ಯೆ, ಯಾಕೆ ಬೇಕು ಅನ್ನುವುದು ಆ ಆರು ತುಂಡಿನಲ್ಲೇ ಇದೆ.

ಎಚ್ಚರ: ಮಗು ಸುಮ್ಮನೆ ಕೂತಿದೆ ಅಂದರೆ ಯೋಚಿಸುತ್ತಿಲ್ಲ ಅಂತ ಅಲ್ಲ. ನಮಗೆ ಅರ್ಧ ನಿಮಿಷದ ಮೌನವೂ ಯುಗದ ಹಾಗೆ ಅನ್ನಿಸುತ್ತದೆ. ಮನಸ್ಸಿನಲ್ಲೇ 17ರ ಮಗ್ಗಿ ಹೇಳಿಕೊಳ್ಳಿ. ನಾನು ಅದನ್ನೇ ಮಾಡುವುದು.

ಹಂತ 5: ರಬ್ಬರ್ ಪಕ್ಕಕ್ಕಿಡಿ

ಪೇಪರ್ ತೂತಾಗುವಷ್ಟು ಉಜ್ಜುವ ಮಕ್ಕಳನ್ನು ನೋಡಿರುತ್ತೀರಿ. ತಪ್ಪು ಕಾಣಬಾರದು ಅನ್ನುವುದು ಅಷ್ಟು ಆಳಕ್ಕೆ ಇಳಿದಿದೆ. ರಫ್ ಬುಕ್ಕಿನಲ್ಲಿ ಅಳಿಸುವ ಹಾಗಿಲ್ಲ ಅಂತ ನಿಯಮ ಮಾಡಿ. ತಪ್ಪಿದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಮತ್ತೆ ಬರೆಯಬೇಕು, ಎಲ್ಲಿ ತಪ್ಪಾಯಿತು ಅಂತ ನಾಲ್ಕು ಪದ ಬರೆಯಬೇಕು. "ಕೈಯಲ್ಲಿದ್ದ 1 ಮರೆತೆ." ಅಷ್ಟು ಸಾಕು. ಸ್ಕೂಲಿನ ನೋಟ್‌ಬುಕ್ ನೀಟಾಗಿರಲಿ, ಮಿಸ್ ಜೊತೆ ಯುದ್ಧ ಬೇಡ.

ಹಂತ 6: ಹೊಗಳುವ ಮಾತು ಬದಲಾಯಿಸಿ

"ನಮ್ಮ ಜಾಣ ಮರಿ", "ಕ್ಲಾಸಿಗೇ ಬುದ್ಧಿವಂತೆ ಇವಳು". ಪ್ರೀತಿಯ ಮಾತುಗಳೇ. ಆದರೆ ಇವುಗಳಲ್ಲಿ ಒಂದು ಕೊಕ್ಕೆ ಇದೆ.

ಅಮೆರಿಕದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು 5ನೇ ತರಗತಿಯ ಮಕ್ಕಳ ಮೇಲೆ ನಡೆದವು. ಮೊದಲು ಮಧ್ಯಮ ಮಟ್ಟದ ಒಗಟುಗಳು. ಮುಗಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ ಇರಬೇಕು" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಹಾಕಿರಬೇಕು" ಅಂದರು. ವ್ಯತ್ಯಾಸ ಆ ಒಂದು ವಾಕ್ಯ ಮಾತ್ರ. ಆಮೇಲೆ ಎಂಥ ಒಗಟು ಬೇಕು ಅಂತ ಕೇಳಿದರು. ಶ್ರಮದ ಮಾತು ಕೇಳಿದವರಲ್ಲಿ ನೂರಕ್ಕೆ ಸುಮಾರು 90 ಮಕ್ಕಳು, ಕಷ್ಟವಾದರೂ ಸರಿ, ಹೊಸದು ಕಲಿಯುವಂಥದ್ದು ಬೇಕು ಅಂದರು. ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ಮೂರನೇ ಎರಡು ಭಾಗದಷ್ಟು ಮಕ್ಕಳು ತಮ್ಮ ಹೆಸರು ಕೆಡದಂಥದ್ದನ್ನೇ ಆರಿಸಿಕೊಂಡರು. ನನಗೆ ಮರೆಯಲಾಗದ್ದು ಇನ್ನೊಂದು ಸಂಗತಿ. ಒಂದು ಕಷ್ಟದ ಸುತ್ತಿನಲ್ಲಿ ಸೋತ ಮೇಲೆ ನಿಮಗೆಷ್ಟು ಬಂತು ಅಂತ ಬರೆಯಲು ಹೇಳಿದಾಗ, ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ನೂರಕ್ಕೆ 38 ಮಕ್ಕಳು ಅಂಕ ಏರಿಸಿ ಬರೆದರು. ಸುಳ್ಳು ಹೇಳಿಸಿದ್ದು ಒಂದು ಹೊಗಳಿಕೆ, ಅಲ್ವಾ?

ಹಾಗಾದರೆ ಏನನ್ನಬೇಕು? ಕಂಡದ್ದನ್ನು ಹೇಳಿ. "ಮೊದಲನೇ ದಾರಿ ಆಗಲಿಲ್ಲ, ಚಿತ್ರ ಬರೆದು ನೋಡಿದೆ, ಅದು ಒಳ್ಳೇ ಕೆಲಸ ಮಾಡ್ದೆ." "ನಿನ್ನೆ ಇಲ್ಲೇ ನಿಂತಿದ್ದೆ, ಇವತ್ತು ಎರಡು ಸಾಲು ಮುಂದೆ ಬಂದಿದೀಯ." ಸುಲಭದ್ದನ್ನು ಪಟಪಟ ಮಾಡಿ ಮುಗಿಸಿದರೆ ಹೊಗಳಬೇಡಿ. "ಓ, ಇದು ನಿನಗೆ ತೀರಾ ಸುಲಭ ಆಯ್ತು, ಬೇರೆ ಕೊಡ್ತೀನಿ" ಅನ್ನಿ.

ಎರಡು ಎಚ್ಚರ. ತಪ್ಪು ದಾರಿಯಲ್ಲೇ ಗಂಟೆಗಟ್ಟಲೆ ತಿಣುಕುತ್ತಿರುವ ಮಗುವಿಗೆ "ಪ್ರಯತ್ನ ಮಾಡ್ತಿದೀಯಲ್ಲ, ವೆರಿಗುಡ್" ಅಂದರೆ ಅದಕ್ಕೆ ಅನುಕಂಪದ ವಾಸನೆ ಹೊಡೆಯುತ್ತದೆ. ಅಲ್ಲಿ ಬೇಕಾದ್ದು ಹೊಸ ದಾರಿ. ಇನ್ನೊಂದು, ಈ ಹೊಗಳಿಕೆಯ ವಿಷಯವನ್ನೇ ಮಂತ್ರ ಮಾಡಿಕೊಳ್ಳಬೇಡಿ. ಬುದ್ಧಿ ಬೆಳೆಸಿಕೊಳ್ಳಬಹುದು ಎಂಬ ನಂಬಿಕೆಗೆ "ಗ್ರೋತ್ ಮೈಂಡ್‌ಸೆಟ್" ಅಂತ ಹೆಸರು. ಇದರ ಬಗ್ಗೆ ಅಮೆರಿಕದಲ್ಲಿ ಸುಮಾರು 12,000 ವಿದ್ಯಾರ್ಥಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಂದು ಗಂಟೆಗಿಂತ ಕಡಿಮೆಯ ಆನ್‌ಲೈನ್ ಪಾಠದಿಂದ ಹಿಂದುಳಿದ ಮಕ್ಕಳ ಅಂಕ ಏರಿದ್ದು ನಿಜ. ಆದರೆ ಸೊನ್ನೆಯಿಂದ ಸುಮಾರು 4ರವರೆಗೆ ಅಂಕ ಕೊಡುವ ಅಲ್ಲಿನ ಅಳತೆಯಲ್ಲಿ 0.1 ಮಾತ್ರ. ಮಾತು ಬದಲಾಯಿಸಿದರೆ ಅನುಕೂಲವಿದೆ, ಪವಾಡವಿಲ್ಲ.

ಹಂತ 7: ಲಂಚ ಬೇಡ

"ಇದು ಮಾಡಿದ್ರೆ ಡೈರಿ ಮಿಲ್ಕ್" ಎಂಬುದು ಎಲ್ಲ ಮನೆಯಲ್ಲೂ ಇದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಶಿಶುವಿಹಾರದ ಮಕ್ಕಳಲ್ಲಿ ಒಂದು ವಿಷಯ ಗಮನಿಸಿದರು. ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು, ಆಮೇಲೆ ಬಹುಮಾನ ಇಲ್ಲದಾಗ ಚಿತ್ರ ಬರೆಯಲು ಕೊಟ್ಟ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಅವು ಮೊದಲು ಖುಷಿಯಿಂದ ಬರೆಯುತ್ತಿದ್ದ ಮಕ್ಕಳೇ. ಒಂದು ಪಾಠ ಮುಗಿದಾಗ ಎಲ್ಲರೂ ಸೇರಿ ಪಾನಿಪೂರಿ ತಿಂದರೆ ಅದು ಬೇರೆ. ಲೆಕ್ಕಕ್ಕಿಷ್ಟು ಅಂತ ರೇಟು ಕಟ್ಟಬೇಡಿ.

ಹಂತ 8: ಗೈಡು, ಫೋನು

ಕಿತ್ತುಕೊಂಡು ಬೀಗ ಹಾಕಿದರೆ ಗೆಳೆಯನ ಮನೆಯಲ್ಲಿ ಸಿಗುತ್ತದೆ. ಅದರ ಬದಲು ಸರದಿ ಗೊತ್ತು ಮಾಡಿ. ಮೊದಲು ತನ್ನ ಉತ್ತರ, ತಪ್ಪಾದರೂ ಸರಿ, ಪೆನ್ನಿನಲ್ಲಿ ಬರೆಯಬೇಕು. ಆಮೇಲೆ ಗೈಡಾಗಲಿ, ಫೋನಿನ ಎಐ ಆಗಲಿ, ತೆಗೆಯಬಹುದು. ತೆಗೆದ ಮೇಲೆ ಒಂದು ಕೆಲಸ ಕಡ್ಡಾಯ: ತನ್ನದಕ್ಕೂ ಅದರದಕ್ಕೂ ಎಲ್ಲಿ ದಾರಿ ಬೇರೆಯಾಯಿತು ಅಂತ ಬೆರಳಿಟ್ಟು ತೋರಿಸಬೇಕು. ಅದು ಆಗದಿದ್ದರೆ ಇಳಿಸಿದ್ದು ಅಂತಲೇ ಲೆಕ್ಕ. ಕೆಲವೊಮ್ಮೆ ಎಐ ಕೂಡ ತಪ್ಪು ಉತ್ತರ ಕೊಡುತ್ತದೆ. ಅದನ್ನು ಹಿಡಿದ ದಿನ ಮಗುವಿನ ಮುಖ ನೋಡಬೇಕು!

ಯಾವಾಗ ನಿಲ್ಲಿಸಬೇಕು

ಕಣ್ಣಲ್ಲಿ ನೀರು ಬಂದರೆ ಅಲ್ಲಿಗೆ ನಿಲ್ಲಿಸಿ. ಅಳುತ್ತಾ ಕಲಿತ ಭಾಗಾಕಾರ ನಿಲ್ಲುವುದಿಲ್ಲ. ಆದರೆ ಬಿಟ್ಟು ಏಳುವ ಮೊದಲು "ನಾಳೆ ಇಲ್ಲಿಂದ ಶುರು" ಅಂತ ಬುಕ್ಕಿನಲ್ಲಿ ಒಂದು ಗುರುತು ಹಾಕಿಸಿ. ಬಿಟ್ಟು ಓಡುವುದಕ್ಕೂ ಇವತ್ತಿಗೆ ನಿಲ್ಲಿಸುವುದಕ್ಕೂ ಆ ಗುರುತಿನಷ್ಟೇ ವ್ಯತ್ಯಾಸ.

ಅಜ್ಜಿ-ತಾತನ ವಿಷಯ

ಇಷ್ಟೆಲ್ಲ ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ನೀವು ಬಾಯಿ ಕಟ್ಟಿಕೊಂಡು ಕೂತಿರುವಾಗ ಒಳಗಿನಿಂದ ಅಜ್ಜಿ ಬರುತ್ತಾರೆ. "ಪಾಪ, ಕೂಸು ಅಷ್ಟು ಒದ್ದಾಡ್ತಿದೆ, ಹೇಳ್ಕೊಟ್ರೆ ನಿನ್ ಗಂಟೇನು ಹೋಗುತ್ತೆ?" ಜಗಳ ಆಡಬೇಡಿ, ಅವರಿಗೂ ಒಂದು ಕೆಲಸ ಕೊಡಿ. ಅಟ್ಟದಿಂದ ಅಳಗುಳಿ ಮಣೆ ಇಳಿಸಿ, ಒಂದು ಹಿಡಿ ಹುಣಸೆ ಬೀಜ ತೊಳೆದು ಒಣಗಿಸಿ ಮುಂದಿಡಿ. ಏಳೇಳು ಗುಳಿಯ ಎರಡು ಸಾಲು, ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ಮೊದಲೇ ಎಣಿಸುವ ಆಟ. ಅಜ್ಜಿಗೆ ಷರತ್ತು ಒಂದೇ, ಮೊಮ್ಮಗು ಅಂತ ಬೇಕಂತಲೇ ಸೋಲುವ ಹಾಗಿಲ್ಲ. ಬೇಕಾದರೆ ಶುರುವಿನಲ್ಲೇ ಮಗುವಿಗೆ ನಾಲ್ಕು ಬೀಜ ಜಾಸ್ತಿ ಕೊಡಲಿ. ಆಮೇಲೆ ವಾರಕ್ಕೆ ಒಂದೊಂದು ಬೀಜ ಕಮ್ಮಿ ಮಾಡುತ್ತಾ ಬರಲಿ.